ಬಾಲಕರಿಗೆ ಮೃಗಪರಿಚಯ: ದಾವಣಗೆರೆ-ಹರಿಹರ ಪ್ರಾಂತದ ಒಂದು ವಿದ್ಯಾವೃತ್ತಾಂತ

ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡಿಕೊಳ್ಳುವ ಎಡೆಯಲ್ಲಿರುವ ಹರಿಹರ ಕ್ಷೇತ್ರಕ್ಕೆ ಕೂಡಲೂರೆಂಬುದು ಪ್ರಾಚೀನ ನಾಮ. ಸ್ಥಳಪುರಾಣವಾದರೋ ಆ ಸೀಮೆಯನ್ನು ಗುಹಾರಣ್ಯವೆಂದು ಕರೆಯುತ್ತದೆ. ಕ್ರಿ. ಶ. ೧೨೨೪ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು ಅಲ್ಲಿ ಹರಿಹರೇಶ್ವರನ ದೇಗುಲವನ್ನು ಎತ್ತಿಸಿದ ಬಳಿಕ ಕ್ಷೇತ್ರದ ಕೀರ್ತಿಯು ಹೆಚ್ಚಿತು; ಅರಣ್ಯವೆಂಬ ಹೆಸರು ಪುರಾಣದ ಓಲೆಗಳಲ್ಲಿ ಮಾತ್ರ ಉಳಿಯಿತು. ನೆರೆಯ ದಾವಣಗೆರೆಯು ಬಹುಕಾಲ ಹೆಸರಿಲ್ಲದ ಹಳ್ಳಿಯಾಗಿದ್ದು, ಹೈದರಾಲಿಯು ಅದನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ತರುವಾಯ ಪೇಟೆಯಾಗಿ ಬೆಳೆಯಿತೆಂದು ರೈಸ್ ಸಾಹೇಬರ ಮೈಸೂರು ಗ್ಯಾಸೆಟಿಯರು ತಿಳಿಸುತ್ತದೆ. ಒಂದು ಅರಣ್ಯದ ಹೆಸರಿನ ಊರು, ಇನ್ನೊಂದು ವ್ಯಾಪಾರದ ಹೆಸರಿನ ಊರು. ಇವೆರಡರ ಸುತ್ತಲೂ ಇರುವ ಕುರುಚಲು ಗುಡ್ಡ, ಎರೆಯ ಬಯಲು, ಹೊಳೆಯ ದಂಡೆ ಇವುಗಳಲ್ಲಿ ಮನುಷ್ಯರೊಡನೆ ಬಾಳಿದ ಮೃಗಪಕ್ಷಿಗಳು ಅನೇಕ.

ಇಂತಿರಲು, ಈ ಪಟ್ಟಣಗಳ ಮಗುವು ಅಕ್ಷರಾಭ್ಯಾಸ ಮಾಡುವಾಗ ಒಕಾರಕ್ಕೆ ಒಂಟೆಯನ್ನು ಕಾಣುತ್ತದೆ. ಚಿತ್ರದ ಪುಸ್ತಕದಲ್ಲಿ ಜಿರಾಫೆಯನ್ನೂ ಪಟ್ಟೆಕುದುರೆಯನ್ನೂ ಗುರುತಿಸುತ್ತದೆ. ಆದರೆ ಇದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ಓಡಾಡುವ ಕೊಂಡುಕುರಿಯನ್ನು ಎದುರಿಗೆ ನಿಲ್ಲಿಸಿದರೆ ಅದನ್ನು ಜಿಂಕೆಯ ಮರಿಯೆಂದೋ ಕಾಡುಮೇಕೆಯೆಂದೋ ಹೇಳೀತು. ಆ ಪ್ರಾಣಿಯ ರಕ್ಷಣೆಗಾಗಿಯೇ ೨೦೧೧ರಲ್ಲಿ ಸುಮಾರು ೭೭ ಚದರ ಕಿಲೋಮೀಟರುಗಳ ಕಾಡನ್ನು ಸರಕಾರವು ವನ್ಯಧಾಮವೆಂದು ಘೋಷಿಸಿರುವುದಾದರೂ ಮಗುವಿನ ಪುಸ್ತಕಕ್ಕೆ ಆ ಸುದ್ದಿಯು ಮುಟ್ಟಿಲ್ಲ. ಎಳೆಯರಿಗೆ ಕಾಡಿನ ಜೀವಿಗಳನ್ನು ಗುರುತಿಸುವ ವಿದ್ಯೆಯನ್ನು ಈ ನಾಡಿನಲ್ಲಿ ಹಿಂದೆ ಯಾರು, ಯಾವ ಬಗೆಯಿಂದ ಕಲಿಸುತ್ತಿದ್ದರು, ಅದರಲ್ಲಿ ಉಳಿದುದೇನು, ಅಳಿದುದೇನು ಎಂಬುದನ್ನು ವಿಚಾರಿಸುವುದು ಆದುದರಿಂದ ನಿರರ್ಥಕವಾಗದು.

ಕೋಶದ ಪಾಠ

ಪಾಠಶಾಲೆಗಳಲ್ಲಿ ಓದಿದವರಿಗೆ ಮೃಗಗಳ ಮೊದಲ ಪರಿಚಯವಾಗುತ್ತಿದ್ದುದು ಅಮರಕೋಶದಿಂದ. ಅದರ ದ್ವಿತೀಯ ಕಾಂಡದಲ್ಲಿರುವ ಸಿಂಹಾದಿವರ್ಗವನ್ನು ಎಂಟು ಹತ್ತು ವರ್ಷದ ಹುಡುಗರು ಬಾಯಿಪಾಠ ಮಾಡುತ್ತಿದ್ದರು. ಸಿಂಹದಿಂದ ಮೊದಲಾಗಿ ಹುಲಿ, ಕತ್ತೆಕಿರುಬ, ಹಂದಿ, ಕಪಿ, ಕರಡಿ, ಖಡ್ಗಮೃಗ, ಕಾಡುಕೋಣ, ನರಿ, ಬೆಕ್ಕು, ಉಡ, ಮುಳ್ಳುಹಂದಿ, ತೋಳ ಎಂಬ ಕ್ರಮದಲ್ಲಿ ನಡೆದು, ಬಳಿಕ ಕೃಷ್ಣಸಾರ, ರುರು, ನ್ಯಂಕು, ರಂಕು, ಶಂಬರ, ಪೃಷತ, ಏಣ ಮುಂತಾದ ಹುಲ್ಲೆಗಳ ಗುಂಪನ್ನೂ, ಅನಂತರ ಪಕ್ಷಿಗಳ ದೀರ್ಘವಾದ ಸಾಲನ್ನೂ ಆ ವರ್ಗವು ಒಳಗೊಂಡಿದೆ. ಕನ್ನಡದಲ್ಲಿ ನಾಚಿರಾಜನು ಅಮರಕೋಶಕ್ಕೆ ಬರೆದ ವ್ಯಾಖ್ಯಾನವು ಸಂಸ್ಕೃತ ಪದಗಳಿಗೆ ದೇಶ್ಯವಾದ ಅರ್ಥಗಳನ್ನು ಒದಗಿಸಿ, ಕನ್ನಡದ ಬಾಲಕರಿಗೆ ದಾರಿಯನ್ನು ಸುಗಮಗೊಳಿಸಿತು.

ಈ ಪಾಠದ ಗುಣವು ಅಲ್ಪವಾದುದಲ್ಲ. ಒಂದು ಜೀವಿಗೆ ಹಲವು ಹೆಸರುಗಳುಂಟೆಂಬುದನ್ನೂ, ಅವುಗಳಲ್ಲಿ ಬಹುಪಾಲು ಹೆಸರುಗಳು ಆ ಜೀವಿಯ ಯಾವುದಾದರೊಂದು ಲಕ್ಷಣವನ್ನು ಹೇಳುತ್ತವೆಯೆಂಬುದನ್ನೂ ಹುಡುಗನು ಅರಿಯುತ್ತಿದ್ದನು. ಪೃಷತವೆಂದರೆ ಚುಕ್ಕಿಯುಳ್ಳದ್ದು, ಕೃಷ್ಣಸಾರವೆಂದರೆ ಕಪ್ಪುಬಣ್ಣವು ಸೇರಿದುದು, ಟಿಟ್ಟಿಭವೆಂಬ ಹಕ್ಕಿಯ ಹೆಸರು ಅದರ ಕೂಗೇ ಆಗಿದೆ. ವ್ಯುತ್ಪತ್ತಿಯನ್ನು ಬಿಡಿಸಿ ಹೇಳುವ ಗುರುವು ದೊರೆತರೆ ಕೋಶವೇ ಅರ್ಧ ಪ್ರಾಣಿಶಾಸ್ತ್ರವಾಗುತ್ತಿದ್ದಿತು.

ಆದರೆ ಅದರ ಮಿತಿಯನ್ನೂ ಮರೆಯಲಾಗದು. ಅಮರಸಿಂಹನು ಶಾರ್ದೂಲ, ದ್ವೀಪಿ, ವ್ಯಾಘ್ರ ಎಂಬ ಮೂರನ್ನೂ ಒಂದೇ ಅರ್ಥದಲ್ಲಿ ಸೇರಿಸಿದ್ದಾನೆ. ದ್ವೀಪಿಯೆಂಬುದು ಮೈಮೇಲೆ ದ್ವೀಪಗಳಂತೆ ಬೊಟ್ಟುಗಳುಳ್ಳ ಚಿರತೆಗೆ ಸಲ್ಲತಕ್ಕ ಹೆಸರು; ಪಟ್ಟೆಗಳುಳ್ಳ ಹುಲಿಗೆ ಅದು ಹೊಂದದು. ಹೆಸರನ್ನು ಕಲಿತ ಹುಡುಗನಿಗೆ ಹುಲಿ ಚಿರತೆಗಳ ಭೇದವು ಕೋಶದಿಂದ ತಿಳಿಯಲಿಲ್ಲ. ರುರು, ನ್ಯಂಕು, ರಂಕು ಎಂಬವು ಇಂಥ ಇಂಥ ಹುಲ್ಲೆಗಳೆಂದು ಬೆರಳಿಟ್ಟು ತೋರಿಸಬಲ್ಲವರು ಪಂಡಿತರಲ್ಲಿಯೂ ವಿರಳ. 'ಮೃಗವಿಶೇಷಃ' ಎಂದು ಬರೆದು ವ್ಯಾಖ್ಯಾನಕಾರರು ಮುಂದಕ್ಕೆ ಸಾಗುವುದು ವಾಚಕರಿಗೆ ಗೊತ್ತೇ ಇದೆ. ಕಥೆಗಳ ಪಾಡೂ ಹೀಗೆಯೇ. ದುರ್ಗಸಿಂಹನ ಕನ್ನಡ ಪಂಚತಂತ್ರವನ್ನು ಕೇಳಿದ ಮಗುವು ಕರಟಕ ದಮನಕರೆಂಬ ನರಿಗಳಿಂದ ರಾಜನೀತಿಯನ್ನು ಕಲಿಯುತ್ತದೆಯೇ ಹೊರತು ನರಿಯನ್ನು ಕಲಿಯುವುದಿಲ್ಲ.

ಹೆಸರಿನ ಮೋಹವು ಶಾಸ್ತ್ರವನ್ನು ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ಹಂಸದೇವನ ಮೃಗಪಕ್ಷಿಶಾಸ್ತ್ರವು ಒಳ್ಳೆಯ ನಿದರ್ಶನ. ಹದಿಮೂರನೆಯ ಶತಮಾನದ ಜೈನ ಪಂಡಿತನ ಕೃತಿಯೆಂದು ಪ್ರಸಿದ್ಧವಾಗಿರುವ ಈ ಗ್ರಂಥವನ್ನು ಎಂ. ಸುಂದರಾಚಾರ್ಯರು ೧೯೨೭ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಮೃಗಗಳ ಸ್ವಭಾವ, ವಯಸ್ಸು, ಗರ್ಭಕಾಲ ಮುಂತಾದುವನ್ನು ಪ್ರತ್ಯೇಕವಾಗಿ ಹೇಳಹೊರಟ ಉದ್ಯಮವು ಶ್ಲಾಘ್ಯವೇ ಸರಿ. ಆದರೆ ಕೋಶದಲ್ಲಿ ಸಿಂಹಕ್ಕೆ ಪರ್ಯಾಯವಾಗಿರುವ ಮೃಗೇಂದ್ರ, ಪಂಚಾಸ್ಯ, ಹರ್ಯಕ್ಷ, ಕೇಸರಿ, ಹರಿ ಎಂಬ ಹೆಸರುಗಳು ಅಲ್ಲಿ ಸಿಂಹದ ಬೇರೆ ಬೇರೆ ಜಾತಿಗಳಾಗಿಬಿಟ್ಟಿವೆ. ಅಮರನು ಎರಡು ಮೃಗಗಳಿಗೆ ಒಂದೇ ಹೆಸರನ್ನು ಕೊಟ್ಟನು. ಹಂಸದೇವನು ಒಂದು ಮೃಗದ ಆರು ಹೆಸರುಗಳಿಂದ ಆರು ಮೃಗಗಳನ್ನು ಮಾಡಿದನು. ಎರಡು ತಪ್ಪಿಗೂ ಮೂಲವೊಂದೇ: ಶಬ್ದವು ಕಣ್ಣಿನಿಂದ ಅಗಲಿದುದು.

ಅರಮನೆಯ ಶಾಸ್ತ್ರ

ಇದಕ್ಕೆ ವ್ಯತಿರಿಕ್ತವಾದ ಮಾರ್ಗವೂ ನಮ್ಮಲ್ಲಿ ಇದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಅಭಿಲಷಿತಾರ್ಥ ಚಿಂತಾಮಣಿಯಲ್ಲಿ ಮೃಗಯಾವಿನೋದ, ಮತ್ಸ್ಯವಿನೋದ, ಗಜಗ್ರಹಣ ಮುಂತಾದ ಪ್ರಕರಣಗಳಿವೆ. ತುಂಗಭದ್ರೆಯು ಹರಿಯುವ ನಾಡನ್ನು ಆಳಿದ ದೊರೆಯ ಗ್ರಂಥವಿದು. ಅದರ ಪೂರ್ವಭಾಗವನ್ನು ಆರ್. ಶಾಮಾಶಾಸ್ತ್ರಿಗಳು ೧೯೨೬ರಲ್ಲಿ ಮೈಸೂರಿನಿಂದ ಪ್ರಕಟಿಸಿದರು. ಮತ್ಸ್ಯವಿನೋದದಲ್ಲಿ ದೊರೆಯು ಮೂವತ್ತಕ್ಕೂ ಮೇಲ್ಪಟ್ಟ ಮೀನುಗಳನ್ನು ಹೆಸರಿಸಿ, ಸಮುದ್ರದವಾವುವು, ಹೊಳೆಯವಾವುವು, ಹುರುಪೆಯುಳ್ಳವಾವುವು, ಇಲ್ಲದವಾವುವು, ಯಾವುದಕ್ಕೆ ಯಾವ ಮೇವು ಎಂದು ವಿಂಗಡಿಸಿದ್ದಾನೆ. ಭಾರತದ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮುಖ್ಯರಾಗಿದ್ದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ಪರೀಕ್ಷಿಸಿ, ಅಲ್ಲಿಯ ಹೆಸರುಗಳನ್ನು ಇಂದಿನ ಮೀನುಗಳೊಡನೆ ಹೊಂದಿಸಿ ನೋಡಿದರು. ಎಂಟು ನೂರು ವರ್ಷಗಳ ಬಳಿಕವೂ ಹೀಗೆ ಹೊಂದಿಸಲು ಸಾಧ್ಯವಾದುದು ಗ್ರಂಥಕಾರನು ಮೀನನ್ನು ನೋಡಿ, ಅಥವಾ ಮೀನನ್ನು ಬಲ್ಲವರನ್ನು ಕೇಳಿ ಬರೆದುದರಿಂದಲೇ ಎಂಬುದು ಸ್ಪಷ್ಟ.

ಆದರೂ ಅರಮನೆಯ ಶಾಸ್ತ್ರವು ಬೇಟೆಯ ಶಾಸ್ತ್ರ. ರಾಜಕುಮಾರನು ಮೃಗವನ್ನು ಗುರುತಿಸಲು ಕಲಿಯುತ್ತಿದ್ದುದು ಅದನ್ನು ಕೊಲ್ಲುವುದಕ್ಕಾಗಿ, ಇಲ್ಲವೆ ಹಿಡಿದು ಪಳಗಿಸುವುದಕ್ಕಾಗಿ. ದೊರೆಗೆ ಅದನ್ನು ತೋರಿಸಿಕೊಡುತ್ತಿದ್ದವರು ಬೇಡರು, ಬೆಸ್ತರು, ಮಾವುತರು. ಅವರ ಹೆಸರುಗಳು ಗ್ರಂಥದಲ್ಲಿ ಬರಲಿಲ್ಲ.

ಬಯಲಿನ ಗುರುಗಳು

ದಾವಣಗೆರೆಯು ಕಂಬಳಿಯ ವ್ಯಾಪಾರಕ್ಕೆ ಹೆಸರಾದ ಸ್ಥಳವೆಂಬುದನ್ನು ೧೮೦೧ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬರೆದಿದ್ದಾನೆ. ಕಂಬಳಿಯಿದ್ದಲ್ಲಿ ಕುರಿಯುಂಟು, ಕುರಿಯಿದ್ದಲ್ಲಿ ತೋಳವುಂಟು, ತೋಳವಿದ್ದಲ್ಲಿ ಅದನ್ನು ಬಲ್ಲ ಕುರುಬನೂ ಉಂಟು. ಹಟ್ಟಿಯಲ್ಲಿ ಹುಟ್ಟಿದ ಬಾಲಕನು ಏಳೆಂಟು ವರ್ಷಕ್ಕೆ ಕುರಿಮರಿಗಳ ಹಿಂದೆ ಹೊರಟನೆಂದರೆ ಅವನ ವಿದ್ಯಾಭ್ಯಾಸವು ಮೊದಲಾಯಿತೆಂದೇ ತಿಳಿಯಬೇಕು. ಅವನಿಗೆ ಪರೀಕ್ಷೆಯು ಪ್ರತಿದಿನವೂ ನಡೆಯುತ್ತಿದ್ದಿತು. ತಪ್ಪಿದರೆ ಒಂದು ಕುರಿಯು ಹೋಗುತ್ತಿದ್ದಿತು.

ಈ ವಿದ್ಯೆಯ ಕ್ರಮವು ಕೋಶದ ಕ್ರಮಕ್ಕೆ ವಿಪರೀತವಾದುದು. ಇಲ್ಲಿ ಗುರುತು ಮೊದಲು, ಹೆಸರು ಆಮೇಲೆ. ಮೃಗವು ಕಣ್ಣಿಗೆ ಬೀಳುವುದಕ್ಕೆ ಮುಂಚೆ ಅದರ ಹೆಜ್ಜೆಯು ಬೀಳುತ್ತದೆ. ನಾಯಿ, ನರಿ, ತೋಳಗಳ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುತ್ತದೆ. ಚಿರತೆಯು ಉಗುರನ್ನು ಒಳಕ್ಕೆ ಎಳೆದುಕೊಂಡು ನಡೆಯುವುದರಿಂದ ಅದರ ಹೆಜ್ಜೆಯಲ್ಲಿ ಉಗುರು ಕಾಣುವುದಿಲ್ಲ. ನಾಯಿಯ ಹೆಜ್ಜೆಯು ಅಡ್ಡಾದಿಡ್ಡಿಯಾಗಿ ಅಲೆಯುತ್ತದೆ. ತೋಳವು ಮುಂಗಾಲಿಟ್ಟ ಕಡೆಯಲ್ಲಿಯೇ ಹಿಂಗಾಲನ್ನು ಇಡುತ್ತ ನೂಲು ಹಿಡಿದಂತೆ ನೆಟ್ಟಗೆ ಸಾಗುತ್ತದೆ. ಕತ್ತೆಕಿರುಬಕ್ಕೆ ಮುಂಗಾಲಿನ ಹೆಜ್ಜೆಯು ದೊಡ್ಡದು, ಹಿಂಗಾಲಿನದು ಚಿಕ್ಕದು. ಎಲುಬನ್ನು ಅಗಿದು ತಿನ್ನುವುದರಿಂದ ಅದರ ಲದ್ದಿಯು ಒಣಗಿದಾಗ ಸುಣ್ಣದಂತೆ ಬೆಳ್ಳಗಾಗುತ್ತದೆ. ಕರಡಿಯ ಹಿಂಗಾಲು ಮನುಷ್ಯನ ಪಾದವನ್ನು ಹೋಲುತ್ತದೆ, ಆದರೆ ಮುಂದೆ ಉದ್ದವಾದ ಉಗುರುಗಳ ಗೀರುಂಟು. ಹತ್ತಿರದಲ್ಲಿ ಕೆದರಿದ ಹುತ್ತವಿದ್ದರೆ ಸಂಶಯವೇ ಉಳಿಯುವುದಿಲ್ಲ. ಹೊಳೆಯ ದಂಡೆಯ ಬಂಡೆಯ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪು ಬೆರೆತ ಹಿಕ್ಕೆಯು ಕಂಡರೆ ಅದು ನೀರುನಾಯಿಯದು.

ಕೊಂಡುಕುರಿಯನ್ನು ಗುರುತಿಸುವ ಬಗೆಯಂತೂ ಈ ವಿದ್ಯೆಯ ಸೊಗಸನ್ನು ತೋರಿಸುತ್ತದೆ. ಅದು ಒಂಟಿಯಾಗಿಯೋ ಜೋಡಿಯಾಗಿಯೋ ಇರುವ ಅಂಜುಬುರುಕ ಪ್ರಾಣಿ. ಭುಜದ ಎತ್ತರ ಸುಮಾರು ೬೦ ಸೆಂಟಿಮೀಟರು, ತೂಕ ಸುಮಾರು ೨೦ ಕಿಲೋ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮುಂದೆ ಮೊಳಕೆಯಂಥ ಎರಡು. ಕಾಡಿನ ಬೇರೆ ಯಾವ ಮೃಗಕ್ಕೂ ಹೀಗಿಲ್ಲ. ಆದರೆ ಹೆಣ್ಣಿಗೆ ಕೊಂಬೇ ಇಲ್ಲ. ಗಂಡಿನ ಮುಂಗೊಂಬುಗಳೂ ಎಷ್ಟೋ ವೇಳೆ ಕೂದಲಲ್ಲಿ ಮುಚ್ಚಿಹೋಗಿರುತ್ತವೆ. ಆಗ ಕೊಂಬನ್ನೇ ನೆಚ್ಚಿದವನು ಸೋಲುತ್ತಾನೆ. ಕಾಡನ್ನು ಬಲ್ಲವನು ನೆಲವನ್ನು ನೋಡುತ್ತಾನೆ. ಕೊಂಡುಕುರಿಯು ಮರಳಿ ಮರಳಿ ಒಂದೇ ಸ್ಥಳಕ್ಕೆ ಬಂದು ಹಿಕ್ಕೆ ಹಾಕುವ ಸ್ವಭಾವದ್ದು; ಆ ಗುಡ್ಡೆಯೇ ಅದರ ವಿಳಾಸ. ಇದನ್ನು ಅರಿತ ಬಾಲಕನಿಗೆ ಮೃಗವನ್ನು ಬೆನ್ನಟ್ಟುವ ಅಗತ್ಯವಿಲ್ಲ, ತಾಳ್ಮೆಯಿಂದ ಕಾದರೆ ಸಾಕು.

ಹೆಸರುಗಳೂ ಈ ನೋಟದಿಂದಲೇ ಹುಟ್ಟಿದವು. ಕರಿಯ ಎರೆಮಣ್ಣಿನ ಬಯಲಿನಲ್ಲಿ ಎದೆಯೆತ್ತರದ ಆಕಾರವೊಂದು ಇದ್ದಕ್ಕಿದ್ದಂತೆ ಎದ್ದು ನಡೆಯುವ ಮಹಾಪಕ್ಷಿಯನ್ನು ಜನರು ಎರೆಭೂತವೆಂದು ಕರೆದರು. ಹಕ್ಕಿಯ ರೂಪ, ಅದು ವಾಸಿಸುವ ನೆಲ, ನೋಡಿದವನ ಬೆರಗು ಈ ಮೂರೂ ಒಂದು ಶಬ್ದದಲ್ಲಿ ಅಡಗಿವೆ. ಕೃಷ್ಣಮೃಗಕ್ಕೆ ಹೊಳೆಯಾಚೆಯವರು ಚಿಗರಿಯೆನ್ನುವರು. ಚುಕ್ಕಿಯುಳ್ಳದ್ದು ಜಿಂಕೆ, ದೊಡ್ಡ ಕವಲುಗೊಂಬಿನದು ಕಡವೆ. ಇಂದು ಪೇಟೆಯ ಮಗುವಿಗೆ ಇವೆಲ್ಲವೂ ಜಿಂಕೆಯೇ.

ಈ ಬಯಲಿನ ಗುರುಗಳ ಸಾಲಿನಲ್ಲಿ ಹಕ್ಕಿಪಿಕ್ಕಿ ಜನರನ್ನೂ ಸ್ಮರಿಸತಕ್ಕದ್ದು. ಚನ್ನಗಿರಿ ತಾಲ್ಲೂಕಿನಲ್ಲಿ ಅವರ ವಸತಿಗಳಿವೆ. ಬಲೆಯೊಡ್ಡಿ ಹಕ್ಕಿ ಹಿಡಿಯುವುದು ಅವರ ಕುಲವೃತ್ತಿಯಾಗಿದ್ದಿತು. ಹಕ್ಕಿಯ ದನಿಯನ್ನು ಅನುಕರಿಸಿ ಅದನ್ನು ಹತ್ತಿರಕ್ಕೆ ಕರೆಯುವುದನ್ನು ಮಕ್ಕಳು ತಂದೆಯಿಂದ ಕಲಿಯುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯು ನಿಂತಿತು. ಅದು ನಿಲ್ಲತಕ್ಕದ್ದೇ ಆಗಿತ್ತು. ಆದರೆ ಬೇಟೆಯೊಡನೆ ಅದರ ಹಿಂದಿದ್ದ ತಿಳಿವಳಿಕೆಯೂ ಅನಾಥವಾಯಿತು. ಆ ತಿಳಿವಳಿಕೆಗೆ ಬೇರೊಂದು ಉಪಯೋಗವನ್ನು ಕಲ್ಪಿಸಿಕೊಡುವ ಯೋಚನೆಯು ಆಗ ಯಾರಿಗೂ ಮುಖ್ಯವೆಂದು ತೋರಲಿಲ್ಲ.

ಪರದೇಶಿಯರ ಪಟ್ಟಿಗಳು

ಬಯಲಿನವರ ಬಾಯಲ್ಲಿದ್ದ ಹೆಸರುಗಳನ್ನು ಮೊದಲು ಕಾಗದಕ್ಕೆ ಇಳಿಸಿದವರು ಕಂಪನಿ ಸರಕಾರದ ಅಧಿಕಾರಿಗಳು. ಹರಿಹರದ ಎದುರು ದಂಡೆಯಿಂದಾಚೆಗಿನ ಧಾರವಾಡ ಸೀಮೆಯಲ್ಲಿ ಅಧಿಕಾರದಲ್ಲಿದ್ದ ವಾಲ್ಟರ್ ಎಲಿಯಟ್ಟನು ಕನ್ನಡ ಶಾಸನಗಳ ಸಂಗ್ರಾಹಕನೆಂದು ಇತಿಹಾಸಜ್ಞರಿಗೆ ಪರಿಚಿತನು. ಅವನೇ ೧೮೩೯ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿ, ಲ್ಯಾಟಿನ್ ಹೆಸರುಗಳ ಪಕ್ಕದಲ್ಲಿ ಕನ್ನಡದ ಹೆಸರುಗಳನ್ನೂ ಕೊಟ್ಟನು. ಶಾಸನವನ್ನು ಪ್ರತಿಮಾಡಿಕೊಂಡ ಕೈಯೇ ಇಲಿಗಳ ಹೆಸರನ್ನೂ ಬರೆದುಕೊಂಡಿತು. ಪೊದೆಗಳಲ್ಲಿ ವಾಸಿಸುವ ಒಂದು ಇಲಿಗೆ ಇಲ್ಲಿಯ ಜನರು ಹೇಳುತ್ತಿದ್ದ 'ಗುಲಂಡಿ' ಎಂಬ ಮಾತು 'ಗೊಲುಂಡಾ' ಎಂದಾಗಿ, ಎಲಿಯಟ್ಟನ ಹೆಸರಿನೊಡನೆ ಸೇರಿ, ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಇಂದಿಗೂ ನಿಂತಿದೆ. ಜರ್ಡನ್ನನು ೧೮೬೭ರಲ್ಲಿ ಪ್ರಕಟಿಸಿದ ಭಾರತೀಯ ಸಸ್ತನಿಗಳ ಗ್ರಂಥದಲ್ಲಿ ಕೊಂಡುಕುರಿ, ಚಿಗರಿ ಎಂಬ ಕನ್ನಡ ಹೆಸರುಗಳು ದೊರೆಯುತ್ತವೆ. ಬೇಟೆಗೆ ಪಳಗಿಸುತ್ತಿದ್ದ ಚೀತಾ ಎಂಬ ಮೃಗಕ್ಕೆ ಸಿವಂಗಿಯೆಂಬ ಹೆಸರನ್ನು ಅವನು ಕೊಟ್ಟಿದ್ದಾನೆ. ಆ ಮೃಗವು ಭಾರತದಲ್ಲಿ ಅಳಿದುಹೋಯಿತೆಂದು ೧೯೫೨ರಲ್ಲಿ ಸಾರಲಾಯಿತು. ೨೦೨೨ರಲ್ಲಿ ಆಫ್ರಿಕದ ನಮೀಬಿಯದಿಂದ ಚೀತಾಗಳನ್ನು ಮಧ್ಯಪ್ರದೇಶದ ಕೂನೋ ಅರಣ್ಯಕ್ಕೆ ತಂದಾಗ, ಅದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂದು ಅನೇಕರು ತೊಳಲಿದರು. ಹೆಸರು ಮನೆಯಲ್ಲಿಯೇ ಇದ್ದಿತು, ಮನೆಯವರು ಮರೆತಿದ್ದರು.

ಈ ಪಟ್ಟಿಗಳ ಉಪಕಾರವನ್ನು ಒಪ್ಪಿಕೊಳ್ಳುವಾಗ ಒಂದು ಮಾತನ್ನು ಗಮನಿಸಬೇಕು. ಕನ್ನಡದ ಕುರುಬನಿಂದಲೂ ವಡ್ಡರವನಿಂದಲೂ ಪಡೆದ ತಿಳಿವಳಿಕೆಯು ಇಂಗ್ಲಿಷಿನಲ್ಲಿ ಅಚ್ಚಾಗಿ ಲಂಡನ್ನಿಗೂ ಕಲ್ಕತ್ತೆಗೂ ಹೋಯಿತು. ರೈಸ್ ಸಾಹೇಬರ ಗ್ಯಾಸೆಟಿಯರಿನಲ್ಲಿಯೂ ಪ್ರಾಣಿಗಳ ಪಟ್ಟಿಯುಂಟು. ಅದು ಕಚೇರಿಯ ಕಪಾಟನ್ನು ಸೇರಿತು. ಊರಿನ ಶಾಲೆಗೆ ಅದು ಮರಳಿ ಬರಲಿಲ್ಲ.

ಶಾಲೆ, ಪುಸ್ತಕ, ಶಿಬಿರ

ಆಂಗ್ಲ ಪದ್ಧತಿಯ ಶಾಲೆಗಳಲ್ಲಿ ಪದಾರ್ಥ ಪಾಠ, ಪ್ರಕೃತಿ ಪಾಠಗಳೆಂಬುವು ಬಂದವು. ವಸ್ತುವನ್ನು ಕೈಯಲ್ಲಿ ಕೊಟ್ಟು ಕಲಿಸಬೇಕೆಂಬುದು ಅವುಗಳ ಮೂಲತತ್ತ್ವ. ಆಚರಣೆಯಲ್ಲಿ ಗೋಡೆಗೆ ತೂಗುಹಾಕಿದ ಚಿತ್ರಪಟವೇ ವಸ್ತುವಾಯಿತು. ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಪ್ರಯತ್ನವು ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಹೊರಡಿಸಿದ 'ವಿಜ್ಞಾನ' ಮಾಸಪತ್ರಿಕೆಯಿಂದ ಬಲಗೊಂಡಿತು. ಶಿವರಾಮ ಕಾರಂತರು ೧೯೩೬ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಒಬ್ಬರೇ ರಚಿಸಿ ಮಕ್ಕಳ ಕೈಗಿತ್ತರು. ೧೯೩೯-೪೦ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ನಡೆಸಿದರು. ೧೯೪೧ರಲ್ಲಿ ಹೊರಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕವು ಹಕ್ಕಿಯನ್ನು ಕೋವಿಯಿಲ್ಲದೆ ಗುರುತಿಸಬಹುದೆಂಬುದನ್ನು ಸಾಮಾನ್ಯ ಓದುಗರಿಗೆ ತೋರಿಸಿಕೊಟ್ಟಿತು. ಅದುವರೆಗೆ ಸಂಗ್ರಾಹಕನು ಹಕ್ಕಿಯನ್ನು ಕೊಂದು ಕೈಯಲ್ಲಿ ಹಿಡಿದು ಹೆಸರಿಡುವುದೇ ವಾಡಿಕೆಯಾಗಿದ್ದಿತು. ಗಾತ್ರ, ಬಣ್ಣ, ಕೊಕ್ಕು, ಬಾಲ, ಹಾರುವ ರೀತಿ, ಕೂಗು ಇವುಗಳಿಂದ ದೂರದಲ್ಲಿಯೇ ಗುರುತಿಸುವ ಕ್ರಮವು ಹೊಸದಾಗಿ ಬಂದಿತೆಂದು ವಿದ್ಯಾವಂತರು ಭಾವಿಸಿದರು. ಕುರಿಗಾಹಿಗೆ ಅದು ಹಳೆಯದೇ.

ಈ ಪ್ರಾಂತದಲ್ಲಿ ಬಾಲಕರನ್ನು ಪುಸ್ತಕದಿಂದ ಹೊರಕ್ಕೆ ಕರೆದುಕೊಂಡು ಹೋದುದು ಮುಖ್ಯವಾಗಿ ಸ್ಕೌಟ್ ಚಳವಳಿ. 'ಸ್ಕೌಟ್' ಎಂಬ ಮಾತಿಗೆ ಸುಳಿವು ಹಿಡಿದು ಬರುವವನೆಂದೇ ಅರ್ಥ. ಬೇಡನ್ ಪೋವೆಲ್ಲನು ೧೯೦೮ರಲ್ಲಿ ಬರೆದ ಕೈಪಿಡಿಯಲ್ಲಿ ಹೆಜ್ಜೆ ಓದುವುದಕ್ಕೂ ಪ್ರಾಣಿಗಳನ್ನು ಸದ್ದಿಲ್ಲದೆ ಸಮೀಪಿಸುವುದಕ್ಕೂ ಪ್ರಮುಖ ಸ್ಥಾನವುಂಟು. ಚಿಕ್ಕ ಹುಡುಗರಿಗಾಗಿ ೧೯೧೬ರಲ್ಲಿ ಏರ್ಪಡಿಸಿದ ಶಾಖೆಗೆ ಅವನು ಕಿಪ್ಲಿಂಗನ ಅರಣ್ಯ ಕಥೆಗಳಿಂದ ಅಕೇಲ, ಬಾಲೂ, ಬಘೀರ ಎಂಬ ತೋಳ, ಕರಡಿ, ಚಿರತೆಗಳ ಹೆಸರುಗಳನ್ನು ಎತ್ತಿಕೊಂಡನು. ಮಧ್ಯಭಾರತದ ಕಾಡಿನ ಮೃಗಗಳು ಹೀಗೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಹಿಂದಿರುಗಿ ನಮ್ಮ ಮಕ್ಕಳಿಗೆ ಗುರುಗಳಾದುದು ವಿನೋದದ ಸಂಗತಿ. ಸ್ವಾತಂತ್ರ್ಯಾನಂತರ ಬೇರೆ ಬೇರೆಯಾಗಿದ್ದ ಸಂಘಗಳು ೧೯೫೦ರ ನವೆಂಬರ್ ೭ರಂದು ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಎಂದು ಒಂದಾದವು. ದಾವಣಗೆರೆ ಹರಿಹರಗಳಿಗೆ ಸಮೀಪದ ಕೊಂಡಜ್ಜಿಯಲ್ಲಿ, ಗುಡ್ಡ ಕೆರೆ ಕುರುಚಲು ಕಾಡುಗಳ ನಡುವೆ, ಈ ಸಂಸ್ಥೆಯ ತರಬೇತಿ ಕೇಂದ್ರವು ನೆಲೆಗೊಂಡಿತು. ಅದೇ ಊರಿನ ಹೆಸರನ್ನು ಧರಿಸಿದ ಕೊಂಡಜ್ಜಿ ಬಸಪ್ಪನವರು ಚಳವಳಿಗೆ ಬೆನ್ನೆಲುಬಾಗಿ ನಿಂತವರು. ಡೇರೆಯಲ್ಲಿ ಮಲಗಿ ಬೆಳಗಿನ ಜಾವದಲ್ಲಿ ನವಿಲಿನ ಕೂಗಿಗೆ ಎದ್ದ ಹುಡುಗನು, ಹುಡುಗಿಯು, ಗೋಡೆಯ ಚಿತ್ರಪಟದಿಂದ ಪಡೆಯಲಾರದುದನ್ನು ಪಡೆಯುವುದುಂಟು. ಪಾಠವು ಕಿವಿಯಿಂದ ಮೊದಲಾಗುತ್ತದೆ.

ನೆಲವು ಬದಲಾದುದು

ಇಷ್ಟರಲ್ಲಿ ಪಾಠದ ವಸ್ತುವೇ ಕರಗುತ್ತ ಬಂದಿತು. ೧೯೬೦ರ ದಶಕದಲ್ಲಿ ಭದ್ರಾ ನಾಲೆಯ ನೀರು ಹರಿದು, ಜೋಳ ಹತ್ತಿಗಳ ಹೊಲಗಳು ಭತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಆದವು. ಜನರಿಗೆ ಅನ್ನವಾಯಿತು, ಅದರಲ್ಲಿ ತಪ್ಪೆಣಿಸಲಾಗದು. ಆದರೆ ಬಯಲನ್ನೇ ನೆಚ್ಚಿದ ಚಿಗರಿ, ತೋಳ, ಎರೆಭೂತಗಳು ಹಿಮ್ಮೆಟ್ಟಿದವು. ಹೊಳೆಯಾಚೆ ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿ ೧೧೯ ಚದರ ಕಿಲೋಮೀಟರುಗಳ ಕೃಷ್ಣಮೃಗ ಅಭಯಾರಣ್ಯವಾಯಿತು. ಅಲ್ಲಿ ಕೃಷ್ಣಮೃಗವು ಉಳಿಯಿತು, ಎರೆಭೂತವು ಉಳಿಯಲಿಲ್ಲ. ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಅದು ಕಾಣಿಸಿಕೊಂಡಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ, ಅದೂ ಬೆರಳೆಣಿಕೆಯಷ್ಟು.

ಶಿಕ್ಷಣದ ಕಡೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೧ರಲ್ಲಿ ಪರಿಸರವನ್ನು ಶಾಲೆಯ ಪಾಠವನ್ನಾಗಿ ಮಾಡಬೇಕೆಂದು ನಿರ್ದೇಶಿಸಿತು. ಪಠ್ಯಗಳು ಬಂದವು, ಶಾಲೆಗಳಲ್ಲಿ ಪರಿಸರ ಸಂಘಗಳು ಬಂದವು. ದಾವಣಗೆರೆಯು ೧೯೯೭ರ ಆಗಸ್ಟ್ ೧೫ರಂದು ಪ್ರತ್ಯೇಕ ಜಿಲ್ಲೆಯಾಯಿತು. ಸಮೀಪದ ಆನಗೋಡಿನಲ್ಲಿ ಕಿರು ಮೃಗಾಲಯವುಂಟು. ಅರಣ್ಯ ಇಲಾಖೆಯು 'ಚಿಣ್ಣರ ವನದರ್ಶನ'ವೆಂಬ ಹೆಸರಿನಿಂದ ಶಾಲಾಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಕಾರ್ಯಕ್ರಮವನ್ನು ನಡೆಸಿದೆ. ಇವೆಲ್ಲವೂ ಮೆಚ್ಚತಕ್ಕ ಕೆಲಸಗಳೇ. ಆದರೆ ಪಠ್ಯಗಳಲ್ಲಿ ಬಹುಪಾಲು ಪರಿಸರದ ವಿಷಯವಾದ ಉಪದೇಶವಿದೆ. ಪರಿಸರದ ಪರಿಚಯವು ಕಡಮೆ. ಪ್ರಾಣಿಗಳನ್ನು ಪ್ರೀತಿಸಬೇಕೆಂದು ಹತ್ತು ಸಲ ಬರೆಯುವ ಮಗುವು ಶಾಲೆಯ ಬೇಲಿಯ ಮೇಲೆ ಕುಳಿತ ಹಕ್ಕಿಯ ಹೆಸರನ್ನು ಅರಿಯದು. ಗುರುತಿಲ್ಲದವರನ್ನು ಪ್ರೀತಿಸುವುದು ಹೇಗೆ?

ಗುರುತು ತಪ್ಪುವುದು ಕೇವಲ ಅಂಕದ ನಷ್ಟವಲ್ಲ, ಪ್ರಾಣದ ನಷ್ಟ. ಕಬ್ಬು ಕಡಿಯುವಾಗ ಸಿಕ್ಕಿದ ಕಾಡುಬೆಕ್ಕಿನ ಮರಿಯನ್ನು ಚಿರತೆಯ ಮರಿಯೆಂದು ಗುಲ್ಲೆಬ್ಬಿಸಿ, ತಾಯಿಯಿಂದ ಅಗಲಿಸುವುದುಂಟು. ಸತ್ತ ದನವನ್ನು ತಿಂದು ಊರನ್ನು ಶುಚಿಯಾಗಿಡುವ ಕತ್ತೆಕಿರುಬವು ಚಿರತೆಯೆಂಬ ಶಂಕೆಯಿಂದ ದೊಣ್ಣೆಗೆ ಗುರಿಯಾಗುವುದುಂಟು. ಇಲಿಗಳನ್ನು ತಿಂದು ರೈತನಿಗೆ ಉಪಕರಿಸುವ ಕೇರೆಯನ್ನು ನಾಗರವೆಂದು ಕೊಲ್ಲುವುದಂತೂ ನಿತ್ಯದ ಮಾತು. ನಿರಪರಾಧಿಯಾದ ಮಣ್ಣುಮುಕ್ಕ ಹಾವು ಎರಡು ತಲೆಯದೆಂಬ ಮೂಢನಂಬಿಕೆಯಿಂದ ಕಳ್ಳವ್ಯಾಪಾರದ ಸರಕಾಗಿದೆ. ಇದರ ವಿಪರೀತವು ಇನ್ನೂ ಭಯಂಕರ. ಮನೆಯೊಳಕ್ಕೆ ಬರುವ ತೋಳಹಾವಿಗೂ ಕಟ್ಟುಹಾವಿಗೂ ಮೈಮೇಲೆ ಬಿಳಿಯ ಪಟ್ಟೆಗಳುಂಟು. ತೋಳಹಾವಿನ ಪಟ್ಟೆಗಳು ಕತ್ತಿನಲ್ಲಿ ಎದ್ದುಕಂಡು ಬಾಲದ ಕಡೆಗೆ ಮಾಸುತ್ತವೆ. ಕಟ್ಟುಹಾವಿನ ಪಟ್ಟೆಗಳು ಕತ್ತಿನ ಬಳಿ ಇಲ್ಲದೆಯೋ ಮಾಸಲಾಗಿಯೋ ಇದ್ದು ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ಒಂದಕ್ಕೆ ವಿಷವಿಲ್ಲ, ಇನ್ನೊಂದರ ವಿಷವು ನಿದ್ರೆಯಲ್ಲಿಯೇ ಕೊಲ್ಲುವಂಥದು. ಈ ಭೇದವನ್ನು ಕಲಿಸುವುದು ಹಾವನ್ನು ಹಿಡಿಯುವುದಕ್ಕಲ್ಲ. ಪಟ್ಟೆಯ ಹಾವು ಯಾವುದೇ ಆಗಲಿ ದೂರ ನಿಲ್ಲಬೇಕು, ಕಚ್ಚಿದರೆ ಮಂತ್ರವಾದಿಯಲ್ಲಿಗೆ ಹೋಗದೆ ಆಸ್ಪತ್ರೆಗೆ ಹೋಗಬೇಕು ಎಂಬ ವಿವೇಕವು ಭಯದ ಸ್ಥಾನದಲ್ಲಿ ನಿಲ್ಲುವುದಕ್ಕೆ.

ಮುಂದಿನ ಕರ್ತವ್ಯ

ಮೇಲಿನ ವೃತ್ತಾಂತದಿಂದ ಒಂದು ಸಂಗತಿಯು ವ್ಯಕ್ತವಾಗುತ್ತದೆ. ಕೋಶವು ಹೆಸರನ್ನು ಕೊಟ್ಟಿತು, ಗುರುತನ್ನು ಕೊಡಲಿಲ್ಲ. ಕುರುಬರೂ ಬೇಡರೂ ಗುರುತನ್ನು ಬಲ್ಲವರಾಗಿದ್ದರು, ಅವರಿಗೆ ಲೇಖನಿಯಿರಲಿಲ್ಲ. ಪರದೇಶಿಯ ಪಂಡಿತರು ಎರಡನ್ನೂ ಸೇರಿಸಿದರು, ಆದರೆ ನಮ್ಮ ಮಕ್ಕಳ ಭಾಷೆಯಲ್ಲಿ ಅಲ್ಲ. ಸ್ಕೌಟ್ ಶಿಬಿರವೂ ವನದರ್ಶನವೂ ಮಕ್ಕಳನ್ನು ಕಾಡಿನ ಬಾಗಿಲಿಗೆ ತಂದವು, ಅಲ್ಲಿ ಕೈಹಿಡಿದು ನಡೆಸುವ ಪುಸ್ತಕವು ಇನ್ನೂ ಸಿದ್ಧವಾಗಿಲ್ಲ.

ಸಾಹಿತ್ಯ ಸಂಘಗಳು ಇದನ್ನು ತಮ್ಮ ಕೆಲಸವಲ್ಲವೆಂದು ಬಿಡತಕ್ಕದ್ದಲ್ಲ. ಹೆಸರುಗಳ ಸಂಗ್ರಹವು ಭಾಷೆಯ ಸೇವೆಯೇ ಆಗಿದೆ. ಜಗಳೂರು, ಹರಿಹರ, ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳಲ್ಲಿ ಕುರಿಹಟ್ಟಿಯ ವೃದ್ಧರೂ, ಹೊಳೆಯ ಬೆಸ್ತರೂ, ಹಕ್ಕಿಪಿಕ್ಕಿ ಹಿರಿಯರೂ ಇನ್ನೂ ಇದ್ದಾರೆ. ಪ್ರತಿಯೊಂದು ಮೃಗಕ್ಕೆ, ಪಕ್ಷಿಗೆ, ಹಾವಿಗೆ, ಮೀನಿಗೆ ಅವರು ಹೇಳುವ ಹೆಸರೇನು, ಹೆಜ್ಜೆಯ ಗುರುತೇನು, ಕೂಗೇನು, ಯಾವ ಋತುವಿನಲ್ಲಿ ಎಲ್ಲಿ ಕಾಣುವುದು ಎಂಬಷ್ಟನ್ನು ಶಾಲೆಯ ಮಕ್ಕಳೇ ಕೇಳಿ ಬರೆದುಕೊಂಡು ಬರಲಿ. ಪ್ರಾಣಿಶಾಸ್ತ್ರವನ್ನು ಓದಿದ ಉಪಾಧ್ಯಾಯರು ಅದಕ್ಕೆ ಶಾಸ್ತ್ರೀಯ ನಾಮವನ್ನು ಹೊಂದಿಸಲಿ. ಸಂಸ್ಕೃತಜ್ಞರು ಕೋಶದ ಶಬ್ದವನ್ನು ಸೇರಿಸಲಿ. ಅರಣ್ಯ ಇಲಾಖೆಯವರು ಪರಿಶೀಲಿಸಲಿ. ಹೀಗಾದರೆ ತಾಲ್ಲೂಕಿಗೊಂದರಂತೆ ಚಿಕ್ಕ ಮೃಗಪಕ್ಷಿ ನಿಘಂಟು ಸಿದ್ಧವಾದೀತು. ಅದಕ್ಕೆ ಹಣವು ಹೆಚ್ಚು ಬೇಡ. ನಡೆಯುವ ಕಾಲು, ಕೇಳುವ ಕಿವಿ, ಹಿರಿಯರ ಮುಂದೆ ಕುಳಿತುಕೊಳ್ಳುವ ವಿನಯ ಇಷ್ಟು ಸಾಕು.

ಆದರೆ ಕಾಲವು ಬಹಳ ಉಳಿದಿಲ್ಲ. ಹಟ್ಟಿಯ ಒಬ್ಬೊಬ್ಬ ಅಜ್ಜನು ತೀರಿಕೊಂಡಾಗಲೂ ಒಂದು ಅಲಿಖಿತ ಗ್ರಂಥವು ಮುಚ್ಚಿಹೋಗುತ್ತದೆ, ಅದಕ್ಕೆ ಎರಡನೆಯ ಪ್ರತಿಯಿಲ್ಲ. ಮೃಗವು ಅಳಿದರೆ ಹೆಸರು ಕೋಶದಲ್ಲಾದರೂ ಉಳಿದೀತು. ಗುರುತಿಸುವವರು ಅಳಿದರೆ ಮೃಗವು ಕಣ್ಣೆದುರಿಗಿದ್ದೂ ಇಲ್ಲದಂತೆಯೇ. ಕೊಂಡುಕುರಿಯು ರಂಗಯ್ಯನದುರ್ಗದ ಕಾಡಿನಲ್ಲಿ ಇನ್ನೂ ಇದೆ. ಅದನ್ನು ಕಂಡು, ಇದು ಕೊಂಡುಕುರಿ ಎಂದು ತಡವರಿಸದೆ ಹೇಳಬಲ್ಲ ಮಕ್ಕಳನ್ನು ಸಿದ್ಧಪಡಿಸುವುದು ಈ ಪ್ರಾಂತದ ಮನೆಗಳಿಗೂ ಶಾಲೆಗಳಿಗೂ ಸೇರಿದ ಹೊಣೆ.